ಮೆಲ್ಲಕ್ಕನ ನೆಟ್ಟನೆಯ ಗೆರೆ

ಧಡ್, ಟಣಕ್.

ಮುಂದಿನ ಚಕ್ರಕ್ಕೆ ಧಡ್, ಹಿಂದಿನ ಚಕ್ರಕ್ಕೆ ಟಣಕ್. ಪೈಪು ಹಾಕಲೆಂದು ರಸ್ತೆಗೆ ಅಡ್ಡಲಾಗಿ ಅಗೆದವರು, ಎರಡು ದಿನದ ಮಟ್ಟಿಗೆ ಎಂದು ಹೇಳಿ ಗುಂಡಿಯ ಮೇಲೆ ದಪ್ಪನೆಯ ಕಬ್ಬಿಣದ ತಗಡೊಂದನ್ನು ಹೊದಿಸಿ ಹೋಗಿದ್ದರು. ಒಳ್ಳೆಯ ಜನವೇ ಇರಬೇಕು. ಎರಡು ದಿನ ಇನ್ನೂ ಮುಗಿದಿಲ್ಲ ಎಂದು ಅವರಿಗೆ ಯಾರೋ ತಪ್ಪು ಲೆಕ್ಕ ಕೊಟ್ಟಿರಬೇಕು. ಅಷ್ಟರಲ್ಲಿ ತಗಡಿನ ಒಂದು ಮೂಲೆ ಮೇಲೆದ್ದು, ಬೀದಿಯಲ್ಲಿ ಹಾದುಹೋಗುವ ಪ್ರತಿಯೊಂದು ಗಾಡಿಯೂ ಮೂರನೆಯ ಮಹಡಿಯ ಮನೆಗೆ ತನ್ನ ಹಾಜರಿ ಹಾಕಿಯೇ ಮುಂದೆ ಹೋಗುವ ಪದ್ಧತಿ ಬೆಳೆದಿತ್ತು. ಲಾರಿಯಾದರೆ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳೂ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು.

“ನಡುಗ್ತು ನೋಡು,” ಎಂದರು ಅತ್ತೆ, ತಿಂಡಿಯ ತಟ್ಟೆಯಿಂದ ತಲೆ ಎತ್ತದೆ. “ಹೋಗು, ಅಳೆದು ಬಾ.”

ಸೊಸೆ ಬಾಗಿಲ ಬಳಿ ಕುಳಿತು, ಗಂಡ ಹೊಲಿದುಕೊಟ್ಟ ಉಣ್ಣೆಯ ಅಟ್ಟೆಯ ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅವಳ ಕೆಲಸ ನಡುಕವನ್ನು ಅಳೆಯುವುದೇ ಆಗಿತ್ತು. ಈ ನೆಲದ ನಡುಕವನ್ನಲ್ಲ, ಅಷ್ಟೇ. ಪಕ್ಕದ ಮನೆಯಾಕೆ ಒಮ್ಮೆ ವಿಚಾರಿಸಿದಾಗ ಅತ್ತೆ ಅದನ್ನು ತಕ್ಕಮಟ್ಟಿಗೆ ಬಿಡಿಸಿ ಹೇಳಿದ್ದರು.

“ನಮ್ಮ ಸೊಸೆ ಭೂಕಂಪದ ಕೆಲಸದಲ್ಲಿದ್ದಾಳೆ.”

“ಪಾಪ, ಮನೆ ಬಿದ್ದೋರಿಗೆ ಸಹಾಯ ಮಾಡೋದಾ?”

“ಮನೆ ಎಲ್ಲಿದೆ ಬೀಳೋಕೆ? ಇವಳದ್ದು ಬೇರೆ ಗ್ರಹದ್ದು. ಮಂಗಳ.”

“ಅಲ್ಲಿ ಯಾರಿದ್ದಾರೆ ಅಮ್ಮಾ?”

“ಯಾರೂ ಇಲ್ಲ. ಅದಕ್ಕೇ ಅದನ್ನ ಆರಿಸ್ಕೊಂಡಿದ್ದಾಳೆ. ತಪ್ಪಾದ್ರೆ ದೂರು ಕೊಡೋರು ಇರಲ್ಲ ನೋಡಿ.”

ಆಫೀಸಿನಲ್ಲಿ ಅವಳನ್ನು ಮೆಲ್ಲಕ್ಕ ಎನ್ನುತ್ತಿದ್ದರು. ದಿನಕ್ಕೆ ಎಷ್ಟು ಸಲ ‘ಮೆಲ್ಲಗೆ’ ಎನ್ನುತ್ತಿದ್ದಳೋ ಅವಳಿಗೇ ತಿಳಿಯದು. ಬಾಗಿಲು ಹಾಕುವವರಿಗೆ ಮೆಲ್ಲಗೆ, ಕುರ್ಚಿ ಎಳೆಯುವವರಿಗೆ ಮೆಲ್ಲಗೆ, ಸೀನುವವರಿಗೂ ಮೆಲ್ಲಗೆ. ಈ ವಿದ್ಯೆಯನ್ನು ಯಾವ ಕಾಲೇಜೂ ಕಲಿಸಿದ್ದಲ್ಲ. ಅವಳ ಅಪ್ಪ ರಾತ್ರಿ ಪಾಳಿಯ ಕೆಲಸಗಾರರು, ಹಗಲೆಲ್ಲ ನಿದ್ದೆ ಮಾಡುತ್ತಿದ್ದರು. ಒಂದೇ ಕೋಣೆಯ ಮನೆ. ಯಾವ ಹಾಸುಗಲ್ಲು ಕುಲುಕುತ್ತದೆ, ಯಾವ ಬಾಗಿಲ ತಿರುಗಣೆ ಕಿರುಗುಡುತ್ತದೆ, ಹೊದಿಕೆಯ ಕೆಳಗಿನ ಉಸಿರು ಯಾವಾಗ ಆಳಕ್ಕೆ ಇಳಿಯುತ್ತದೆ ಎಂದು ತಿಳಿಯದೆ ಅಲ್ಲಿ ಒಂದು ಲೋಟ ನೀರನ್ನೂ ಕುಡಿಯುವಂತಿರಲಿಲ್ಲ. ಬೇರೆ ಮಕ್ಕಳು ಕುಣಿದು ಕುಪ್ಪಳಿಸಿ ಬೆಳೆದರೆ ಇವಳು ತುದಿಗಾಲಿನಲ್ಲಿ ಬೆಳೆದಳು. ಮುಂದೆ ಓದಿ, ಯಂತ್ರಗಳ ವಿದ್ಯೆ ಕಲಿತು ಈ ಕೆಲಸಕ್ಕೆ ಸೇರಿದ ದಿನ, ಸದ್ದು ಮಾಡದೆ ಓಡಾಡುವುದಕ್ಕೂ ಸಂಬಳ ಕೊಡುತ್ತಾರೆ ಎಂದು ಗೊತ್ತಾಗಿ ಅವಳಿಗೆ ನಗು ಬಂದಿತ್ತು.

ಕೆಲಸ ಹೇಳಲು ಸುಲಭ. ಕಲ್ಲಂಗಡಿ ಕೊಳ್ಳುವವರು ಅದನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ ನೋಡುವುದಿಲ್ಲವೇ, ಹಾಗೆ. ಗ್ರಹವನ್ನು ಕತ್ತರಿಸಿ ನೋಡಲು ಬರುವುದಿಲ್ಲ; ಅದು ತಾನಾಗಿ ಎಂದಾದರೂ ನಡುಗಿದಾಗ ಆ ನಡುಕ ಒಳಗೆಲ್ಲ ಸುತ್ತಿ ಬರುವ ರೀತಿಯಿಂದ ಹೊಟ್ಟೆಯಲ್ಲಿ ಕಲ್ಲಿದೆಯೋ ಕರಗಿದ ಲೋಹವಿದೆಯೋ ತಿಳಿಯಬೇಕು. ಅದಕ್ಕಾಗಿ ಮೆಲ್ಲಕ್ಕ ಮಾಡುತ್ತಿದ್ದ ಪೆಟ್ಟಿಗೆ ಅಂಗೈಯಗಲದ್ದು. ಒಳಗೆ ಎಲೆಯಂಥ ತೆಳು ಸ್ಪ್ರಿಂಗು, ಅದರ ತುದಿಯಲ್ಲೊಂದು ತೂಕದ ಬಿಲ್ಲೆ. ನೆಲ ಅಲುಗಿದರೆ ಪೆಟ್ಟಿಗೆ ಅಲುಗುತ್ತದೆ. ಬಿಲ್ಲೆ ಸೋಮಾರಿ, ತಕ್ಷಣ ಏಳುವುದಿಲ್ಲ. ಇಬ್ಬರ ನಡುವೆ ಹುಟ್ಟುವ, ಕಣ್ಣಿಗೆ ಕಾಣದ ಆ ಅಂತರವನ್ನು ಅಳೆದು ಪರದೆಯ ಮೇಲೆ ಗೆರೆಯಾಗಿ ತೋರಿಸುವುದೇ ಇಡೀ ವಿದ್ಯೆ.

ಒಂದು ತೊಡಕಿತ್ತು. ಮಂಗಳದ ಸೆಳೆತ ಇಲ್ಲಿಯದರ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಅಲ್ಲಿಗೆಂದು ಮಾಡಿದ ಸ್ಪ್ರಿಂಗು ಅಲ್ಲಿಗೆಂದು ಮಾಡಿದ ಬಿಲ್ಲೆಯನ್ನು ಇಲ್ಲಿ ಹೊರಲಾರದು. ಕೂಸನ್ನು ಎತ್ತಿಕೊಂಡವನ ಕೈಗೆ ಬೀರುವನ್ನು ಕೊಟ್ಟ ಹಾಗೆ, ಬಿಲ್ಲೆ ಸೀದಾ ತಳಕ್ಕೆ ಕುಸಿದು ಮಲಗಿಬಿಡುತ್ತದೆ. ಆದ್ದರಿಂದ ಇಲ್ಲಿ ಪರೀಕ್ಷೆ ಮಾಡುವಾಗ ಹಗುರವಾದ ಬೇರೆ ಬಿಲ್ಲೆ ಹಾಕುತ್ತಿದ್ದರು. ಇಲ್ಲಿಯ ಬಿಲ್ಲೆ, ಅಲ್ಲಿಯ ಬಿಲ್ಲೆ ಎಂದೇ ಅವುಗಳ ಹೆಸರು.

ಪರೀಕ್ಷೆಯ ಕೋಣೆ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಸುತ್ತಲಿನ ನೆಲಕ್ಕೆ ತಾಗದಂತೆ, ಬಂಡೆಯಿಂದಲೇ ಎಬ್ಬಿಸಿದ ಕಾಂಕ್ರೀಟಿನ ಕಂಬ. ಅದರ ಮೇಲೆ ಪೆಟ್ಟಿಗೆ. ಅದಕ್ಕೆ ದಪ್ಪ ಮುಚ್ಚಳ. ಎಲ್ಲರೂ ಹೊರಗೆ ಹೋಗಿ, ಲಿಫ್ಟು ನಿಂತು, ಕಟ್ಟಡ ಖಾಲಿಯಾದ ರಜಾದಿನದಲ್ಲಿ ಗೆರೆ ನಿಧಾನವಾಗಿ ತಣ್ಣಗಾಗುತ್ತಿತ್ತು. ಆದರೂ ಪೂರ್ತಿ ನಿಲ್ಲುತ್ತಿರಲಿಲ್ಲ. ನಿದ್ದೆಯಲ್ಲಿರುವವರ ಎದೆಯಂತೆ ಏರಿ ಇಳಿಯುತ್ತಿತ್ತು. ಅದು ಸಮುದ್ರ. ಊರಿನವರು ರಜೆಗೆಂದು ಒಂದಿಡೀ ದಿನ ಬಸ್ಸಿನಲ್ಲಿ ಕುಳಿತು ನೋಡಿಬರುತ್ತಿದ್ದ ಸಮುದ್ರ, ಅಷ್ಟು ದೂರದಲ್ಲಿ ದಡಕ್ಕೆ ಬಡಿದದ್ದು ನೆಲದೊಳಗಿಂದ ನಡೆದುಬಂದು ಮೆಲ್ಲಕ್ಕನ ಬಿಲ್ಲೆಯನ್ನು ತೂಗುತ್ತಿತ್ತು. ಅವಳು ಬಸ್ಸು ಹತ್ತಿದವಳಲ್ಲ. ಅವಳಿಗೆ ಅಲ್ಲೇ ಕಾಣುತ್ತಿತ್ತು.

ಇಂಥ ಯಂತ್ರವನ್ನು ಮಂಗಳಕ್ಕೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದು ಸಮಿತಿ ರಚನೆಯಾಯಿತು. ಇಳಿಯುವ ನೌಕೆಯಲ್ಲಿ ಉಳಿದಿದ್ದದ್ದು ಒಂದೇ ಜಾಗ. ಅದಕ್ಕೆ ಇಬ್ಬರು ಹಕ್ಕುದಾರರು: ಮೆಲ್ಲಕ್ಕನ ಪೆಟ್ಟಿಗೆ, ಮತ್ತು ಎರಡನೆಯ ಕ್ಯಾಮೆರಾ. ಮೊದಲನೆಯ ಕ್ಯಾಮೆರಾ ಗ್ರಹದ ಫೋಟೋ ತೆಗೆಯುವುದು. ಎರಡನೆಯದು, ಮೊದಲನೆಯದು ಫೋಟೋ ತೆಗೆಯುತ್ತಿರುವುದರ ಫೋಟೋ ತೆಗೆಯುವುದು. ಪೈಪೋಟಿ ಬಲವಾಗಿತ್ತು.

ಸಮಿತಿಯ ಅಧ್ಯಕ್ಷರು ಸೇತುವೆಗಳ ತಜ್ಞರು. ಅವರು ಕಟ್ಟಿಸಿದ ಸೇತುವೆಗಳಲ್ಲಿ ಒಂದೂ ಅಲುಗಿರಲಿಲ್ಲ. ಅಲುಗುವುದೆಲ್ಲ ಕಳಪೆ ಕೆಲಸ ಎಂಬುದು ಅವರು ಜೀವನದಿಂದ ಕಲಿತ ತತ್ವ. ನಡುಕದ ಯಂತ್ರವನ್ನು ಅಳೆಯಲು ಇವರಿಗಿಂತ ತಕ್ಕವರು ಸಿಗಲಾರರು ಎಂದು ಮೇಲಿನವರಿಗೆ ಅನ್ನಿಸಿದ್ದು ಸಹಜ.

ಮೊದಲ ಭೇಟಿಗೆ ಸಮಿತಿ ಇಡಿಯಾಗಿ ಬಂತು. ಜೊತೆಗೆ ಸಮಿತಿಯ ಸಹಾಯಕರು, ಸಹಾಯಕರ ಸಹಾಯಕರು. ಯಂತ್ರದ ನಿಶ್ಶಬ್ದವನ್ನು ಕಣ್ಣಾರೆ ನೋಡಬೇಕೆಂದು ಎಲ್ಲರೂ ನೆಲಮಾಳಿಗೆಯ ಕೋಣೆಯೊಳಗೇ ನುಗ್ಗಿ ಕಂಬದ ಸುತ್ತ ನಿಂತರು. ಮೆಲ್ಲಕ್ಕ ಉಣ್ಣೆಯ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಳು. ಅಧ್ಯಕ್ಷರು ಅವುಗಳನ್ನು ಮುಗುಳ್ನಗುತ್ತ ದಾಟಿ, ಲಾಳ ಹೊಡೆದಂಥ ಬೂಟಿನಲ್ಲಿ ಒಳಗೆ ಬಂದರು. ಪರದೆಯ ಮೇಲೆ ಗೆರೆ ಹುಚ್ಚು ಹಿಡಿದವರಂತೆ ಕುಣಿಯತೊಡಗಿತು.

“ಇದೇನಮ್ಮಾ, ಇಷ್ಟೊಂದು ಒದ್ದಾಡ್ತಿದೆ?”

“ಅದು ನೀವು, ಸರ್.”

“ನಾನಾ?”

“ಎಲ್ಲರೂ, ಸರ್. ನಡೀತಿದ್ದೀರಲ್ಲ. ಹೊರಗೆ ನಿಂತ್ರೆ ನಿಲ್ಲುತ್ತೆ.”

“ನಾವು ಹೊರಗೆ ನಿಂತ್ರೆ ನೋಡೋದು ಹೇಗೆ?”

ಈ ಪ್ರಶ್ನೆಗೆ ಸಮಿತಿ ತಲೆದೂಗಿತು. ಮೆಲ್ಲಕ್ಕ ಸಮಾಧಾನದಿಂದ ಎಲ್ಲವನ್ನೂ ಬಿಡಿಸಿ ಹೇಳಿದಳು, ಕೊನೆಗೆ ಇದರಲ್ಲಿರುವುದು ಇಲ್ಲಿಯ ಬಿಲ್ಲೆ, ಅಲ್ಲಿಗೆ ಹೋಗುವಾಗ ಬೇರೆಯದನ್ನು ಹಾಕುತ್ತೇವೆ ಎಂದೂ ಹೇಳಿದಳು. ಅಲ್ಲಿಗೆ ಮಾತು ಕೆಟ್ಟಿತು. ಕಳಿಸುವ ವಸ್ತು ಒಂದು, ತೋರಿಸುವ ವಸ್ತು ಇನ್ನೊಂದು ಎಂದರೆ ಏನರ್ಥ ಎಂದು ಅಧ್ಯಕ್ಷರು ಗಂಭೀರರಾದರು. ಮುಂದಿನ ವಾರ ಮತ್ತೆ ಬರುವುದಾಗಿಯೂ, ಆಗ ಅಲ್ಲಿಗೆ ಏನು ಹೋಗುತ್ತದೋ ಅದನ್ನೇ, ಅದೇ ಬಿಲ್ಲೆಯೊಂದಿಗೆ ತೋರಿಸತಕ್ಕದ್ದೆಂದೂ ಅಪ್ಪಣೆಯಾಯಿತು.

ಮೆಲ್ಲಕ್ಕ ತನ್ನ ಆಫೀಸಿನ ನಿರ್ದೇಶಕರ ಬಳಿಗೆ ಹೋದಳು. “ಸರ್, ಅಲ್ಲಿಯ ಬಿಲ್ಲೆ ಹಾಕಿದ್ರೆ ಅದು ಇಲ್ಲಿ ಏಳೋದೇ ಇಲ್ಲ. ಏನೂ ಕಾಣಲ್ಲ.”

ನಿರ್ದೇಶಕರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಪೈಕಿಯವರು; ಹಾವು ಎಲ್ಲಿದೆ ಎಂದು ನೋಡುವ ಕಷ್ಟವನ್ನೂ ತೆಗೆದುಕೊಂಡವರಲ್ಲ. “ಅವರು ಕೇಳಿದ್ದನ್ನ ತೋರಿಸಿ. ಕೇಳದೇ ಇದ್ದಿದ್ದನ್ನ ಹೇಳೋಕೆ ಹೋಗ್ಬೇಡಿ,” ಎಂದರು.

ಮುಂದಿನ ವಾರ ಅಲ್ಲಿಯ ಬಿಲ್ಲೆ ಹಾಕಿದರು. ಬಿಲ್ಲೆ ತಳ ಹಿಡಿದು ಮಲಗಿತು. ಗೆರೆ ಪರದೆಯ ಮೇಲಂಚಿಗೆ ಹೋಗಿ, ಅಂಟಿಸಿದ ದಾರದಂತೆ ನಿಂತುಬಿಟ್ಟಿತು. ಅಂಚಿನಲ್ಲಿದ್ದರೆ ನೋಡುವವರಿಗೆ ಚೆನ್ನಾಗಿರುವುದಿಲ್ಲ ಎಂದು ನಿರ್ದೇಶಕರು ಗೆರೆಗಳ ಉಸ್ತುವಾರಿಯವಳಿಗೆ ಹೇಳಿ ಅದನ್ನು ಪರದೆಯ ನಟ್ಟನಡುವೆ ತರಿಸಿದರು. ಗೆರೆಗಳ ಉಸ್ತುವಾರಿಯವಳು ಮೆಲ್ಲಕ್ಕನ ಗೆಳತಿ. ಬಾಯಿ ಮುಚ್ಚಿದ್ದನ್ನು ಯಾರೂ ಕಾಣದ್ದರಿಂದ ಅವಳಿಗೆ ರೇಡಿಯೋ ಎಂದು ಹೆಸರು. ಅವತ್ತು ಮಾತ್ರ ರೇಡಿಯೋ ತುಟಿ ಪಿಟಕ್ಕೆನ್ನಲಿಲ್ಲ.

ಸಮಿತಿ ಬೂಟು ಸಮೇತ ಒಳಗೆ ಬಂತು. ಗೆರೆ ಅಲುಗಲಿಲ್ಲ. ಅಧ್ಯಕ್ಷರು ಒಂದು ಹೆಜ್ಜೆ ಗಟ್ಟಿಯಾಗಿ ಇಟ್ಟು ನೋಡಿದರು. ಅಲುಗಲಿಲ್ಲ. ಸಹಾಯಕನೊಬ್ಬನಿಗೆ ಜಿಗಿಯಲು ಹೇಳಿದರು. ಅವನು ಜಿಗಿದ. ಗೆರೆ ಅವನತ್ತ ಕಣ್ಣೆತ್ತಿಯೂ ನೋಡಲಿಲ್ಲ.

“ಭೇಷ್,” ಎಂದರು ಅಧ್ಯಕ್ಷರು. ಅವರ ದನಿ ತುಸು ಒದ್ದೆಯಾಗಿತ್ತು. “ಕೆಲಸ ಅಂದ್ರೆ ಇದು. ಒಂದೇ ವಾರದಲ್ಲಿ ಇಷ್ಟು ಗಟ್ಟಿ ಮಾಡಿದ್ದೀರಿ.”

“ಸರ್, ಅದು...” ಎಂದಳು ಮೆಲ್ಲಕ್ಕ.

“ಸಂಕೋಚ ಬೇಡಮ್ಮ. ಒಳ್ಳೆ ಕೆಲಸ ಮಾಡಿದೋರು ಸಂಕೋಚ ಪಡಬಾರದು.”

ಅಲ್ಲೇ ನಿಂತು ಅವರು ತೀರ್ಮಾನವನ್ನು ಬರೆಸಿದರು. ಜಾಗ ಪೆಟ್ಟಿಗೆಗೆ. ಆದರೆ ಒಂದು ಷರತ್ತು: ಇಂದು ಕಂಡ ನೆಟ್ಟನೆಯ ಗೆರೆಯೇ ಇನ್ನು ಮುಂದೆ ಅಳತೆಗೋಲು. ಹೊರಡುವ ತನಕದ ಎಲ್ಲ ಪರೀಕ್ಷೆಗಳಲ್ಲೂ, ಮಂಗಳದಲ್ಲಿ ಇಳಿದ ಮೇಲೂ ಗೆರೆ ಹೀಗೆಯೇ ಇರತಕ್ಕದ್ದು. ಎಲ್ಲಾದರೂ ಅಲುಗಿದರೆ ಯಂತ್ರ ಕೆಟ್ಟಿದೆಯೆಂದು ತಿಳಿದು ಅದರ ವಿದ್ಯುತ್ತನ್ನು ನಿಲ್ಲಿಸಿ, ಮೊದಲನೆಯ ಕ್ಯಾಮೆರಾಕ್ಕೆ ಕೊಡುವುದು.

ಸಮಿತಿ ಹೋದ ಮೇಲೆ ಕೋಣೆಯಲ್ಲಿ ಉಳಿದವರು ಇಬ್ಬರೇ. ರೇಡಿಯೋ ಅಷ್ಟು ಹೊತ್ತು ಕಟ್ಟಿಟ್ಟದ್ದನ್ನೆಲ್ಲ ಒಟ್ಟಿಗೇ ಬಿಟ್ಟಳು.

“ಜಿಗಿದ ಕಣೇ ಅವನು. ಜಿಗಿದ. ನನಗೆ ನಗು ತಡೆಯೋಕಾಗದೆ ಕೆನ್ನೆ ಒಳಗೆ ಕಚ್ಚಿಕೊಂಡಿದ್ದೀನಿ, ನೋಡು ರಕ್ತ ಬಂದಿದೆ. ಇರಲಿ ಬಿಡು. ಜಾಗ ಸಿಕ್ತಲ್ಲ, ನಮಗೆ ಬೇಕಾಗಿದ್ದು ಅದೇ ತಾನೇ?”

“ಷರತ್ತು?”

“ಷರತ್ತಿನ ಮನೆ ಹಾಳಾಯ್ತು. ಹೊರಡೋ ತನಕ ಅಲ್ಲಿಯ ಬಿಲ್ಲೆನೇ ಇಟ್ಟು ತೋರಿಸ್ತಾ ಇರೋಣ, ಮಲಗಿರ್ಲಿ. ಅಲ್ಲಿ ಇಳಿದ ತಕ್ಷಣ ತಾನೇ ಎದ್ದು ಕೂತ್ಕೊಳ್ಳುತ್ತೆ. ಅಲ್ಲಿಯ ಸೆಳೆತಕ್ಕೆ ಸರಿಯಾಗೇ ಇದೆ ತಾನೇ?”

“ಸರಿಯಾಗಿದೆ. ಎದ್ದು ಕೂತ್ಕೊಳ್ಳುತ್ತೆ. ಗಾಳಿ ಬೀಸಿದ್ರೆ ಅಲುಗುತ್ತೆ, ಬಿಸಿಲು ಬಿದ್ರೆ ಅಲುಗುತ್ತೆ. ನಾವು ಕಾಯ್ತಿರೋ ಒಂದು ನಡುಕ ಬಂದ ಗಳಿಗೆನೇ ಜೋರಾಗಿ ಅಲುಗುತ್ತೆ. ಆ ಗಳಿಗೆನೇ ಕೆಟ್ಟಿದೆ ಅಂತ ಕತ್ತು ಹಿಸುಕ್ತಾರೆ.”

ರೇಡಿಯೋ ಪರದೆಯನ್ನು ಆರಿಸಿ ಇವಳತ್ತ ತಿರುಗಿದಳು.

“ಹಾಗಂತ ಈಗ ಬಾಯಿ ಬಿಟ್ಟೆ ಅಂದ್ಕೋ,” ಎಂದಳು. “ಸತ್ತ ಯಂತ್ರ ನೋಡಿ ಭೇಷ್ ಅಂದ್ರಿ ಅಂತ ಸಮಿತಿ ಮುಖಕ್ಕೇ ಹೇಳ್ತೀಯಾ? ನಾಳೆನೇ ಕ್ಯಾಮೆರಾಕ್ಕೆ ಹೂವು ಮುಡಿಸ್ತಾರೆ.”

“ಗೊತ್ತು.”

“ಮಾತಾಡಿದ್ರೆ ಹೋಗಲ್ಲ, ಸುಮ್ಮನಿದ್ರೆ ಹೋಗಿ ಸಾಯುತ್ತೆ. ಚೆನ್ನಾಗಿದೆ ನಿನ್ನ ಹಣೆಬರಹ.”

ಸಂಜೆ ಮನೆಗೆ ಬಂದಾಗ ಗಂಡ ನೆಲದ ಮೇಲೆ ಕುಳಿತು ಅಟ್ಟೆ ಕತ್ತರಿಸುತ್ತಿದ್ದ. ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆಗಳ ಮಾದರಿ ಮಾಡುವುದು ಅವನ ಕಸುಬು. ಮನೆಗೆ ಬಂದ ಮೇಲೂ ಕೈ ಸುಮ್ಮನಿರದು. ಜಾಗ ಸಿಕ್ಕಿತು ಎಂದು ಹೆಂಡತಿ ಹೇಳಿದಾಗ ಅವನು ಕತ್ತಿ ಕೆಳಗಿಟ್ಟು ಅವಳ ಮುಖ ನೋಡಿದ.

“ಸಿಕ್ಕಿದ್ದಕ್ಕೆ ಹೀಗಿದ್ದೀಯಾ, ಸಿಗದೇ ಇದ್ದಿದ್ರೆ ಹೇಗಿರ್ತಿದ್ದೆ?”

ಅವಳು ನಡೆದದ್ದನ್ನೆಲ್ಲ ಹೇಳಿದಳು. ಕಾಳು ಆರಿಸುತ್ತಿದ್ದ ಅತ್ತೆ ಮೊರದಿಂದ ಕಣ್ಣು ತೆಗೆಯಲಿಲ್ಲವಾದರೂ ಅವರ ಬೆರಳು ಮಾತ್ರ ನಿಂತಿತ್ತು.

“ಅಂದ್ರೆ,” ಎಂದರು, “ಅಲುಗದೇ ಇದ್ದದ್ದೇ ಒಳ್ಳೇದು ಅಂತ ಅವರು ಹೇಳಿದ್ದು?”

“ಹೂಂ, ಅತ್ತೆ.”

“ಹೆಣಾನೂ ಗೊರಕೆ ಹೊಡೆಯಲ್ಲ. ಹಾಗಂತ ಒಳ್ಳೇ ನಿದ್ದೆ ಬಂದಿದೆ ಅಂತಾರೇನೇ?”

ಗಂಡ ನಕ್ಕ. ಮೆಲ್ಲಕ್ಕನಿಗೆ ನಗು ಬರಲಿಲ್ಲ.

“ಹೇಳಿದ್ರೆ ಜಾಗ ಹೋಗುತ್ತೆ, ಅತ್ತೆ. ಇಷ್ಟು ವರ್ಷ ಮಾಡಿದ್ದು.”

“ಅದು ನಿನ್ನ ಲೆಕ್ಕ. ನನ್ನ ಕೇಳಬೇಡ, ನಾನು ಓದಿದೋಳಲ್ಲ,” ಎಂದರು ಅತ್ತೆ. ಓದಿಲ್ಲ ಎಂಬುದನ್ನು ಅವರು ಯಾವಾಗಲೂ ಜಗಳದಲ್ಲಿ ಗೆದ್ದ ಮೇಲೆಯೇ ಹೇಳುತ್ತಿದ್ದದ್ದು. ಸ್ವಲ್ಪ ತಡೆದು ಮತ್ತೆ, “ಮಾತಾಡೋದಾದ್ರೆ ಸ್ವಲ್ಪ ಗಟ್ಟಿಯಾಗಿ ಮಾತಾಡು. ಈ ಮನೆಗೆ ಬಂದಾಗಿಂದ ನೀನು ಹೇಳಿದ್ದು ಒಂದೇ ಸಲಕ್ಕೆ ನನಗೆ ಕೇಳಿಸಿದ್ದಿಲ್ಲ. ನನ್ನ ಕಿವಿ ಸರಿಯಾಗೇ ಇದೆ,” ಎಂದರು.

ಮರುದಿನ ಮೇಲಿನ ಮಹಡಿಯ ಸಭಾಂಗಣದಲ್ಲಿ ಸಣ್ಣ ಸಮಾರಂಭ. ಮೇಜಿಗೆ ಬಟ್ಟೆ ಹಾಸಿದ್ದರು. ಗೋಡೆಯ ಮೇಲೆ ನಿನ್ನೆಯ ಗೆರೆಯನ್ನು ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ತೂಗುಹಾಕಿದ್ದರು. ದೂರದಿಂದ ನೋಡಿದವರಿಗೆ ಬಿಳಿಯ ಹಾಳೆಯನ್ನು ಯಾರೋ ಪೆನ್ನು ಹಿಡಿದು ಎರಡು ಪಾಲು ಮಾಡಿದಂತೆ ಕಾಣುತ್ತಿತ್ತು. ಎರಡನೆಯ ಕ್ಯಾಮೆರಾದವರೂ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಸೋತವರಿಗೆ ಸಲ್ಲುವ ಬಿಸ್ಕತ್ತನ್ನು ಬೇಡವೆನ್ನದೆ ತಿನ್ನುತ್ತಿದ್ದರು.

ನಿರ್ದೇಶಕರು ಮಾತಾಡಿದರು. ಅಧ್ಯಕ್ಷರು ಮಾತಾಡಿದರು. ಸೇತುವೆಗೂ ಈ ಯಂತ್ರಕ್ಕೂ ಇರುವ ಆಂತರಿಕ ಸಂಬಂಧವನ್ನು ಅವರು ಬಿಡಿಸಿಟ್ಟ ರೀತಿಗೆ ಚಪ್ಪಾಳೆ ಬಿತ್ತು. ಆಮೇಲೆ ರುಜುವಿಗೆ ಹಾಳೆ ಬಂತು. ಪೆನ್ನಿನ ಮುಚ್ಚಳ ತೆಗೆದ ಅಧ್ಯಕ್ಷರು ಏನೋ ನೆನಪಾದಂತೆ ತಡೆದು, “ಮಾಡಿದೋರ ಬಾಯಿಂದ ಎರಡು ಮಾತು ಕೇಳೋಣ. ಬಾಮ್ಮ,” ಎಂದರು.

ನಿರ್ದೇಶಕರು ಮೆಲ್ಲಕ್ಕನ ಕಡೆ ತಿರುಗಿ ತುಟಿಯಲ್ಲೇ “ಎರಡೇ” ಎಂದರು.

ಅವಳು ಎದ್ದುಹೋಗಿ ಗೋಡೆಯ ಚಿತ್ರದ ಪಕ್ಕದಲ್ಲಿ ನಿಂತಳು. ಇಷ್ಟು ಹತ್ತಿರದಿಂದ ಅದನ್ನು ನೋಡಿದ್ದು ಇದೇ ಮೊದಲು. ಅಷ್ಟು ದೊಡ್ಡದು ಮಾಡಿದರೂ ಅದರಲ್ಲಿ ಏನೂ ಇರಲಿಲ್ಲ. ಕಾಲ ಸದ್ದಿಲ್ಲ, ಲಿಫ್ಟಿಲ್ಲ, ಜಿಗಿದವನಿಲ್ಲ, ಸಮುದ್ರವೂ ಇಲ್ಲ. ಹೊದಿಕೆಯ ಕೆಳಗಿನ ಉಸಿರಿಗೆ ಕಿವಿಗೊಟ್ಟು ಬೆಳೆದವಳಿಗೆ ಆ ಗೆರೆಯ ಪಕ್ಕದಲ್ಲಿ ನಿಲ್ಲುವುದೇ ಕಷ್ಟವಾಯಿತು.

“ಸರ್, ಇದು ಮಲಗಿತ್ತು,” ಎಂದಳು.

“ಏನು?” ಎಂದರು ಅಧ್ಯಕ್ಷರು.

ಮೆಲ್ಲಕ್ಕ ಗಂಟಲು ಸರಿಮಾಡಿಕೊಂಡಳು. “ನಿನ್ನೆ ನೀವು ನೋಡಿದಾಗ ಯಂತ್ರ ಮಲಗಿತ್ತು. ಅಲ್ಲಿಯ ಬಿಲ್ಲೆ ಇಲ್ಲಿ ಏಳೋದಿಲ್ಲ. ಅದಕ್ಕೇ ಗೆರೆ ಅಲುಗಲಿಲ್ಲ. ಇಡೀ ಕಟ್ಟಡ ಬಿದ್ದಿದ್ರೂ ಅಲುಗ್ತಿರ್ಲಿಲ್ಲ.”

ಹಿಂದಿನ ಸಾಲಿನಲ್ಲಿ ಬಿಸ್ಕತ್ತು ಕಡಿಯುವ ಸದ್ದು ನಿಂತಿತು. ನಿರ್ದೇಶಕರು ಬಾಗಿಲು ಎಷ್ಟು ದೂರವಿದೆ ಎಂದು ನೋಡಿದರು.

“ಮೊದಲ ದಿನ ಒದ್ದಾಡ್ತಿತ್ತಲ್ಲ, ಅವತ್ತು ಸರಿಯಾಗಿತ್ತು,” ಎಂದಳು ಮೆಲ್ಲಕ್ಕ. “ನೀವು ಬಂದಿದ್ದು ಅದಕ್ಕೆ ಗೊತ್ತಾಗಿತ್ತು. ನಿಮ್ಮ ಬಲಗಾಲು ಎಡಗಾಲಿಗಿಂತ ಜೋರಾಗಿ ಬೀಳುತ್ತೆ, ಸರ್, ಅದೂ ಗೊತ್ತಾಗಿತ್ತು. ಈಗ ನೀವು ರುಜು ಹಾಕಿದ್ರೆ ಇದು ಮಂಗಳಕ್ಕೆ ಹೋಗುತ್ತೆ. ಹೋಗಿ ಏಳುತ್ತೆ. ಎದ್ದ ತಪ್ಪಿಗೆ ನೀವೇ ಅದರ ಕರೆಂಟ್ ತೆಗೀತೀರಿ. ಅದಕ್ಕಿಂತ ಕ್ಯಾಮೆರಾನೇ ಕಳಿಸಿ.”

ಅಧ್ಯಕ್ಷರು ಮೇಜಿನ ಕೆಳಗೆ ತಮ್ಮ ಬಲಗಾಲನ್ನು ನೋಡಿಕೊಂಡರು. ಎಡಗಾಲಿನ ಮಂಡಿ ನೋವಿಗೆ ಭಾರವನ್ನೆಲ್ಲ ಅದರ ಮೇಲೆ ಹಾಕುತ್ತಿದ್ದದ್ದು ಅವರ ಹೆಂಡತಿಯನ್ನು ಬಿಟ್ಟು ಬೇರೆ ಯಾರಿಗೂ ತಿಳಿಯದ ಸಂಗತಿ. ಪೆನ್ನು ಹಾಳೆಯ ಮೇಲೆ ತೇಲುತ್ತ ನಿಂತಿತ್ತು. ಇಳಿಯಲೂ ಇಲ್ಲ, ಮೇಲೇಳಲೂ ಇಲ್ಲ.

“ಹಾಗಾದ್ರೆ,” ಎಂದರು ಕೊನೆಗೆ, ತೀರಾ ಸಣ್ಣ ದನಿಯಲ್ಲಿ, “ಅಲುಗಿದ್ರೆ ಒಳ್ಳೇದು ಅಂತೀರಾ?”

“ಅಲುಗಿಸಿದೋರು ಯಾರು ಅಂತ ಹೇಳಿದ್ರೆ ಒಳ್ಳೇದು, ಸರ್.”

ರೇಡಿಯೋ ಮೂಲೆಯಲ್ಲಿ ಕುಳಿತು ಇನ್ನೊಂದು ಕೆನ್ನೆಯನ್ನು ಕಚ್ಚಿಕೊಂಡಳು. ನಿರ್ದೇಶಕರು, ಇದು ತಾಂತ್ರಿಕ ವಿಷಯವಾದ್ದರಿಂದ ಇನ್ನೊಮ್ಮೆ, ಸೂಕ್ತ ಸಂದರ್ಭದಲ್ಲಿ, ಎಂದು ಏಳತೊಡಗಿದರು. ಅಧ್ಯಕ್ಷರು ಅವರತ್ತ ತಿರುಗದೆಯೇ ಕೈ ಎತ್ತಿ ತಡೆದರು.

“ತೋರಿಸ್ತೀರಾ?” ಎಂದರು.

“ಬಿಲ್ಲೆ ಬದಲಿಸೋಕೆ ಸ್ವಲ್ಪ ಹೊತ್ತು ಬೇಕು,” ಎಂದಳು ಮೆಲ್ಲಕ್ಕ. ಆಗಲೇ ಅವಳು ಮೇಜು ದಾಟಿ, ಬಿಸ್ಕತ್ತಿನವರನ್ನು ದಾಟಿ, ಬಾಗಿಲ ಹತ್ತಿರ ಬಂದಿದ್ದಳು. ರುಜುವಾಗದ ಹಾಳೆಯ ಕಡೆಗಾಗಲಿ, ನಿರ್ದೇಶಕರ ಮುಖದ ಕಡೆಗಾಗಲಿ ತಿರುಗಿ ನೋಡಲಿಲ್ಲ, ಮೆಟ್ಟಿಲ ಕಡೆಗೆ ನಡೆಯುತ್ತಲೇ ಹೇಳುತ್ತಿದ್ದಳು, ಇಡೀ ಸಭಾಂಗಣಕ್ಕೆ ಕೇಳುವಷ್ಟು ಗಟ್ಟಿಯಾಗಿ: “ಎಲ್ಲರೂ ಒಳಗೆ ಬರಬೇಡಿ, ನೀವೊಬ್ಬರೇ ಬನ್ನಿ ಸರ್, ಬೂಟು ಬಿಚ್ಚಿ. ಮೊದಲು ಕುಣಿಯುತ್ತೆ, ಹೆದರಬೇಡಿ, ಅದು ನೀವೇ. ಕುರ್ಚಿ ಹಾಕ್ತೀನಿ, ಕೂತ್ಕೊಳ್ಳಿ, ಮಾತಾಡಬೇಡಿ. ಲಿಫ್ಟ್ ನಿಂತ ಮೇಲೆ, ಇವರೆಲ್ಲ ಊಟಕ್ಕೆ ಹೋದ ಮೇಲೆ, ಗೆರೆ ನಿಧಾನಕ್ಕೆ ಇಳಿಯುತ್ತೆ, ಆಗ ಕಾಣುತ್ತೆ ನಿಮಗೆ, ದೂರದಿಂದ, ಒಂದು ಸಲ ಏರಿ, ಒಂದು ಸಲ ಇಳಿದು, ಅದು ಯಂತ್ರದ ದೋಷ ಅಲ್ಲ ಸರ್, ಅದು ಸಮುದ್ರ.”